ಯೀವು ಮಾರ್ಕೆಟ್‌ನ ಕ್ಲಿಪ್ ಅಂಗಡಿ: ಮಾಲಿಗೆ ನಾಲ್ಕು ಸ್ಟಾರ್, ಸರ್ವಿಸ್‌ಗೆ ಎಷ್ಟು ಕೊಡಬೇಕೋ ಗೊತ್ತಾಗುತ್ತಿಲ್ಲ

ಇದು ಚೀನಾದ ಯೀವು ಊರಿನ ಹೋಲ್‌ಸೇಲ್ ಮಾರ್ಕೆಟ್‌ನಲ್ಲಿರುವ ಒಂದು ಹೇರ್ ಕ್ಲಿಪ್ ಅಂಗಡಿಯ ರಿವ್ಯೂ. ಅಂಗಡಿ ನಂಬರ್ ಮಾತ್ರ ಕೇಳಬೇಡಿ. ಅಂಗಡಿ ನಡೆಸುವಾಕೆಗೆ ಈಗಿರುವ ಗಿರಾಕಿಗಳೇ ಜಾಸ್ತಿ.

ನಮ್ಮದು ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ಒಂದು ಸಣ್ಣ ಹೋಲ್‌ಸೇಲ್ ಅಂಗಡಿ. ಕ್ಲಚ್ಚರ್, ರಬ್ಬರ್ ಬ್ಯಾಂಡ್, ಹೇರ್ ಬ್ಯಾಂಡ್, ಹರಳಿನ ಕ್ಲಿಪ್ಪು ಇಂಥವು. ಬೇರೆ ಬೇರೆ ಊರುಗಳ ಫ್ಯಾನ್ಸಿ ಸ್ಟೋರ್‌ನವರು ಬಂದು ಡಜನ್ ಲೆಕ್ಕದಲ್ಲಿ ಒಯ್ಯುತ್ತಾರೆ. ಮುಂಚೆ ಇಲ್ಲೇ ಇಂಪೋರ್ಟರ್ ಹತ್ತಿರ ತೆಗೆದುಕೊಳ್ಳುತ್ತಿದ್ದೆವು. 2023ರಲ್ಲಿ ಚೀನಾ ಬಾಗಿಲು ತೆಗೆದ ಮೇಲೆ ನಾನೇ ಹೋಗಿ ಬಂದೆ. ಆಮೇಲೆ ಇನ್ನೂ ಎರಡು ಸಲ ಹೋಗಿದ್ದೇನೆ. ಆಗ ನೇರ ವಿಮಾನ ಇರಲಿಲ್ಲ, ಬ್ಯಾಂಕಾಕ್ ಸುತ್ತಿಕೊಂಡು ಶಾಂಘೈಗೆ ಹೋಗಿ, ಅಲ್ಲಿಂದ ರೈಲು ಹಿಡಿದರೆ ಒಂದೂವರೆ–ಎರಡು ಗಂಟೆಯಲ್ಲಿ ಯೀವು.

ಮಾರ್ಕೆಟ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದರ ವಿಡಿಯೋಗಳು ಬೇಕಾದಷ್ಟಿವೆ. ಒಟ್ಟು 75,000 ಅಂಗಡಿ ಎನ್ನುತ್ತಾರೆ. ದಿನಕ್ಕೆ ಎಂಟು ಗಂಟೆ ಲೆಕ್ಕ ಹಿಡಿದು ಒಂದೊಂದು ಅಂಗಡಿ ಮುಂದೆ ಮೂರೇ ನಿಮಿಷ ನಿಂತರೂ ವರ್ಷ ದಾಟಿ ಹೋಗುತ್ತದೆ. ಹೊಸಬರಿಗೆ ಒಂದೇ ಮಾತು: ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಶೂ ಹಾಕಿಕೊಳ್ಳಿ. ತಲೆಗೆ ಹಾಕುವ ಸಾಮಾನು ಮಾರ್ಕೆಟ್‌ನ ‘ಡಿಸ್ಟ್ರಿಕ್ಟ್ 1’ ಅನ್ನುವ ಭಾಗದ ಎರಡನೇ ಮಹಡಿಯಲ್ಲಿ. ನಾನು ಹೇಳುತ್ತಿರುವ ಅಂಗಡಿಯೂ ಅಲ್ಲೇ ಒಂದು ಓಣಿಯಲ್ಲಿದೆ. ಮೂರು ಗೋಡೆಗೂ ಮೇಲಿಂದ ಕೆಳಗಿನ ತನಕ ಕ್ಲಿಪ್ಪು. ಮಧ್ಯೆ ಒಂದು ಟೇಬಲ್ಲು, ಎರಡು ಸ್ಟೂಲು, ಒಂದು ಕ್ಯಾಲ್ಕುಲೇಟರು.

ಮೊದಲು ಮಾಲು. ನಾಲ್ಕಿಂಚಿನ ಕ್ಲಚ್ಚರ್ ನಿಜವಾಗಿಯೂ ಚೆನ್ನಾಗಿದೆ. ಸ್ಪ್ರಿಂಗ್ ಗಟ್ಟಿ, ಕೈ ತಪ್ಪಿ ನೆಲಕ್ಕೆ ಬಿದ್ದರೂ ಹಲ್ಲು ಮುರಿಯುವುದಿಲ್ಲ, ನಮ್ಮ ಕಡೆಯವರ ದಪ್ಪ ಜಡೆಯನ್ನೂ ಹಿಡಿದು ನಿಲ್ಲುತ್ತದೆ. ರೇಟು 1.8 ಯುವಾನ್, ಅಂದರೆ ಇಪ್ಪತ್ತೊಂದು ಇಪ್ಪತ್ತೆರಡು ರೂಪಾಯಿ. ನಿಂಗ್ಬೋ ಬಂದರಿನಿಂದ ಚೆನ್ನೈಗೆ ಬಂದು, ಡ್ಯೂಟಿ ಕಟ್ಟಿ, ಲಾರಿ ಬಾಡಿಗೆ ಎಲ್ಲ ಸೇರಿ ನಮ್ಮ ಗೋಡೌನ್‌ಗೆ ಇಳಿಯುವಾಗ ಮೂವತ್ತೈದರ ಹತ್ತಿರ ಬೀಳುತ್ತದೆ. ಮ್ಯಾಟ್ ಬಣ್ಣದವು ಬೇಗ ಖಾಲಿಯಾಗುತ್ತವೆ. ಒಂದು ದೂರು ಮಾತ್ರ ಇದೆ. ಹರಳಿನ ಕ್ಲಿಪ್ಪಿನ ಅಂಟು ಕಂಟೇನರ್‌ನ ಕಾವಿಗೆ ತಡೆಯುವುದಿಲ್ಲ. ಎರಡನೇ ಲೋಡ್‌ನಲ್ಲಿ ಡಬ್ಬ ತೆಗೆದರೆ ಕ್ಲಿಪ್ಪು ಒಂದು ಕಡೆ, ಹರಳು ಒಂದು ಕಡೆ. ಅದಕ್ಕೇ ಒಂದು ಸ್ಟಾರ್ ಕಡಿಮೆ.

ಈ ಹರಳಿನ ವಿಷಯದಿಂದಲೇ ಸರ್ವಿಸ್ ಕಥೆ ಶುರುವಾಗುವುದು. ಅವತ್ತು ಅಂಗಡಿ ಬಾಗಿಲು ಹಾಕುವ ಹೊತ್ತು, ರಾತ್ರಿ ಎಂಟೂವರೆ. ಸಿಟ್ಟಿನಲ್ಲಿ ಹತ್ತು ಫೋಟೋ ತೆಗೆದು ಕಳಿಸಿದೆ. ಅಲ್ಲಿ ಎರಡೂವರೆ ಗಂಟೆ ಮುಂದೆ, ಅಂದರೆ ಹನ್ನೊಂದು. ನಾಳೆ ನೋಡುತ್ತಾಳೆ ಅಂದುಕೊಂಡಿದ್ದೆ. ಒಂದೇ ನಿಮಿಷದಲ್ಲಿ ಉತ್ತರ ಬಂತು. ಮೊದಲು ಸಾರಿ, ಆಮೇಲೆ ಎಷ್ಟು ಪೀಸ್ ಹಾಳಾಗಿದೆ ಅಂತ ಪ್ರಶ್ನೆ, ಹತ್ತು ನಿಮಿಷದಲ್ಲಿ ಅಷ್ಟನ್ನೂ ಮುಂದಿನ ಆರ್ಡರ್‌ನಲ್ಲಿ ಪುಕ್ಕಟೆ ಹಾಕುತ್ತೇನೆ ಅಂತ ಲೆಕ್ಕ ಬರೆದ ಚೀಟಿಯ ಫೋಟೋ. ಹಾಗೇ ಮಾಡಿಯೂ ಕೊಟ್ಟಳು. ನಾನು ಮಾಮೂಲ್‌ಪೇಟೆ ಪೂರ್ತಿ ಡಂಗುರ ಹೊಡೆದೆ, ಸರ್ವಿಸ್ ಅಂದರೆ ಇದು ಕಣ್ರೀ, ನಮ್ಮ ಸಪ್ಲೈಯರ್‌ಗಳು ಮಧ್ಯಾಹ್ನ ಊಟ ಆದ ಮೇಲೆ ಫೋನೇ ಎತ್ತಲ್ಲ, ಇವಳು ನೋಡಿ ರಾತ್ರಿ ಹನ್ನೊಂದಕ್ಕೂ ಕೂತಿರುತ್ತಾಳೆ ಅಂತ.

ಯಾಕೆ ಕೂತಿರುತ್ತಾಳೆ ಅಂತ ಆಗ ಯೋಚಿಸಲಿಲ್ಲ.

ಅಲ್ಲಿ ಆಕೆಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ‘ಲಾವ್‌ಬಾನ್‌ನ್ಯಾಂಗ್’. ‘ಲಾವ್‌ಬಾನ್’ ಅಂದರೆ ಓನರು. ಕೊನೆಗೆ ‘ನ್ಯಾಂಗ್’ ಸೇರಿದರೆ ಓನರ ಹೆಂಡತಿ. ಅಂಗಡಿಯನ್ನು ಹೆಂಗಸೇ ಕಟ್ಟಿದ್ದರೂ, ಮದುವೆಯೇ ಆಗದಿದ್ದರೂ ಬಾಯಿಗೆ ಬರುವುದು ಈ ಪದವೇ. ಯೀವುನಲ್ಲಿ ಓಣಿ ತುಂಬಾ ಲಾವ್‌ಬಾನ್‌ನ್ಯಾಂಗ್‌ಗಳೇ. ಗಂಡ ಫ್ಯಾಕ್ಟರಿ, ಗೋಡೌನ್, ವ್ಯಾನು ನೋಡಿಕೊಳ್ಳುತ್ತಾನೆ. ಹೆಂಡತಿ ಅಂಗಡಿಯಲ್ಲಿ ಕೂತು ಗಿರಾಕಿ, ರೇಟು, ಲೆಕ್ಕ, ಜಗಳ ಎಲ್ಲ ನೋಡಿಕೊಳ್ಳುತ್ತಾಳೆ. ಈ ಪದದ ಅರ್ಥ ಕೇಳಿ ನನಗೆ ನಗು ಬಂತು. ಹದಿನಾರು ವರ್ಷದಿಂದ ಗಲ್ಲಾದಲ್ಲಿ ಕೂತಿರುವವಳು ನಾನು, ಆದರೂ ದಿನಕ್ಕೆ ಒಬ್ಬರಾದರೂ ಬಂದು “ಯಜಮಾನ್ರು ಇಲ್ವೇನಮ್ಮಾ?” ಅನ್ನುತ್ತಾರೆ. ನಮ್ಮಲ್ಲಿ ಗಂಡನಿಗೂ ಓನರಿಗೂ ಒಂದೇ ಪದ, ಇನ್ನೂ ಸಲೀಸು.

ಒಂದು ದಿನ ನಾನಿದ್ದಾಗಲೇ ದೆಹಲಿ ಕಡೆಯ ಒಬ್ಬರು ಬಂದರು. ಅರ್ಧ ಗಂಟೆ ಚೌಕಾಸಿ ಮಾಡಿದರು. ಆಕೆ ಕ್ಯಾಲ್ಕುಲೇಟರ್‌ನಲ್ಲಿ 2.3 ಒತ್ತಿ ತೋರಿಸಿದಳು. ಅವರಿಗೆ ಸಮಾಧಾನ ಆಗಲಿಲ್ಲ, “ಬಾಸ್ ಕರಿ, ಬಾಸ್” ಅಂದರು. ಗಂಡ ಅಷ್ಟರಲ್ಲಿ ಎರಡು ಕಾರ್ಟನ್ ಎಳೆದುಕೊಂಡು ಬಂದಿದ್ದ. ಇವರು ಅವನ ಭುಜ ತಟ್ಟಿ, ಸಿಗರೇಟು ಕೊಟ್ಟು, ಕ್ಯಾಲ್ಕುಲೇಟರನ್ನು ಅವನ ಕೈಗೆ ಇಟ್ಟರು. ಅವನು ಅದನ್ನು ಒಂದು ಗಳಿಗೆ ನೋಡಿದ. ಹೆಂಡತಿ ಮುಖ ನೋಡಿದ. ವಾಪಸ್ ಅವಳ ಕೈಗೇ ಕೊಟ್ಟ. ಆಕೆ ತಲೆ ಎತ್ತದೇ ಮತ್ತೆ ಒತ್ತಿದಳು, 2.3. ನನಗೆ ಇವತ್ತಿಗೂ ನೆನೆಸಿಕೊಂಡರೆ ಖುಷಿಯಾಗುತ್ತದೆ. ಗಂಡ ಕೆಟ್ಟವನಲ್ಲ, ಅದನ್ನೂ ಹೇಳಬೇಕು. ದುಡಿಯುತ್ತಾನೆ. ಆದರೆ ಸಂಜೆ ವ್ಯಾನ್ ನಿಲ್ಲಿಸಿದರೆ ಅವನ ದಿನ ಮುಗಿಯಿತು.

ಆಕೆಯದು ಮುಗಿಯುವುದಿಲ್ಲ. ಮೂರನೇ ಸಲ ಹೋದಾಗ ಮಾಲು ಆರಿಸುವ ಕೆಲಸ ಜಾಸ್ತಿ ಇತ್ತು, ಎರಡು ದಿನ ಪೂರ್ತಿ ಅಲ್ಲೇ ಕೂತಿದ್ದೆ. ಬೆಳಿಗ್ಗೆ ಒಂಬತ್ತರೊಳಗೆ ಶಟರ್ ಎತ್ತುತ್ತಾಳೆ. ಟೇಬಲ್ ಮೇಲೆ ಎರಡು ಫೋನು. ಒಂದು ಊರೊಳಗಿನದು, ಅದರಲ್ಲಿ ವಿಚ್ಯಾಟ್, ಅಂದರೆ ಚೀನಾದವರ ವಾಟ್ಸಾಪ್. ಇನ್ನೊಂದು ನಮ್ಮಂಥವರಿಗೆ. ವಿಚ್ಯಾಟ್ ನಮ್ಮಲ್ಲಿ 2020ರಿಂದ ಬ್ಯಾನ್, ವಾಟ್ಸಾಪ್ ಅಲ್ಲಿ ನೇರವಾಗಿ ನಡೆಯುವುದಿಲ್ಲ, ಅದಕ್ಕೊಂದು ವಿಪಿಎನ್ ಹಾಕಿಕೊಂಡಿದ್ದಾಳೆ. ಮಧ್ಯಾಹ್ನದ ಊಟ ತಳ್ಳುಗಾಡಿಯಲ್ಲಿ ಬರುತ್ತದೆ. ಡಬ್ಬಿ ಹನ್ನೆರಡಕ್ಕೆ ಬಂದರೆ ಆಕೆ ತೆರೆಯುವಾಗ ಎರಡಾಗಿರುತ್ತದೆ. ಮೂರು ತುತ್ತು, ಒಬ್ಬ ಗಿರಾಕಿ, ಮತ್ತೆ ಎರಡು ತುತ್ತು. ಅನ್ನ ತಣ್ಣಗಾಗಿ ಗಟ್ಟಿಯಾಗಿರುತ್ತದೆ. ಬಿಸಿ ಇರುವುದು ಫ್ಲಾಸ್ಕಿನ ನೀರು ಮಾತ್ರ.

ವಿಚ್ಯಾಟ್ ಫೋನು ಗಳಿಗೆಗೊಮ್ಮೆ ಟಿಂಗ್ ಅನ್ನುತ್ತಿತ್ತು. ಎಲ್ಲ ಆರ್ಡರ್ ಅಂದುಕೊಂಡಿದ್ದೆ. ಅರ್ಧ ಮಗಳ ಸ್ಕೂಲ್ ಗ್ರೂಪಂತೆ. ಟೀಚರ್ ಏನಾದರೂ ಹಾಕಿದರೆ ಒಬ್ಬೊಬ್ಬ ಪೋಷಕರೂ ‘ಶೌದಾವ್’ ಅಂತ ಬರೆಯಬೇಕು, ತಲುಪಿತು ಅಂತ ಅರ್ಥ. ತಡವಾದರೆ ಎದ್ದು ಕಾಣುತ್ತದೆ. ಗ್ರೂಪಿನಲ್ಲಿ ಅಪ್ಪಂದಿರೂ ಇದ್ದಾರಂತೆ, ಶೌದಾವ್ ಅನ್ನುವವರು ಅಮ್ಮಂದಿರೇ. ಸಂಜೆ ಹೊತ್ತಿಗೆ ಮಗಳೇ ಬಂದಳು, ಎಂಟು ವರ್ಷ. ಟೇಬಲ್ ಕೆಳಗಿನ ಕಾರ್ಟನ್ ಮೇಲೆ ಪುಸ್ತಕ ಹರಡಿಕೊಂಡು ಕೂತಳು. ಆಕೆ ನನಗೆ ಕ್ಲಿಪ್ ತೋರಿಸುತ್ತಾ, ಎಡಗೈಯಲ್ಲಿ ಮಗಳ ಲೆಕ್ಕದ ತಪ್ಪಿಗೆ ಬೆರಳು ಇಡುತ್ತಿದ್ದಳು.

ಇವಳು ಎರಡನೇ ಮಗಳು. 2016ರ ಜನವರಿಯಿಂದ ಚೀನಾದಲ್ಲಿ ಎಲ್ಲರಿಗೂ ಎರಡು ಮಕ್ಕಳಿಗೆ ಅವಕಾಶ ಸಿಕ್ಕಿತಲ್ಲ, ಅದೇ ವರ್ಷ ಹುಟ್ಟಿದ್ದು. ಅತ್ತೆಗೆ ಗಂಡು ಮಗು ಬೇಕಿತ್ತು. 2021ರಲ್ಲಿ ಮೂರಕ್ಕೂ ಸರ್ಕಾರ ಬಿಟ್ಟ ಮೇಲೆ ಅತ್ತೆ ಮತ್ತೆ ಶುರು ಮಾಡಿದ್ದಾರಂತೆ. ಅಲ್ಲೂ ಬಾಣಂತನ ಇದೆ. ‘ಯ್ವೆಝಿ ಕೂರುವುದು’ ಅಂತಾರೆ, ತಿಂಗಳು ಕೂರುವುದು ಅಂತ. ತಣ್ಣೀರು ಮುಟ್ಟಬಾರದು, ಗಾಳಿಗೆ ಹೋಗಬಾರದು, ಹಳಬರ ಪ್ರಕಾರ ತಲೆಗೂ ನೀರು ಹಾಕಬಾರದು. ಕೇಳುತ್ತಿದ್ದರೆ ನಮ್ಮಜ್ಜಿ ಚೀನಾಕ್ಕೆ ಹೋಗಿ ಹೇಳಿಕೊಟ್ಟು ಬಂದ ಹಾಗಿತ್ತು. ವ್ಯತ್ಯಾಸ ಒಂದೇ, ನಮ್ಮಲ್ಲಿ ತವರಿಗೆ ಹೋಗುತ್ತೇವೆ, ಅಲ್ಲಿ ಹಿಂದಿನಿಂದ ಬಂದದ್ದು ಅತ್ತೆ ಕೈಯ ಬಾಣಂತನ. ಮೊದಲನೇದಕ್ಕೆ ನಲವತ್ತು ದಿನ ಕೂತಳಂತೆ. ಎರಡನೇದಕ್ಕೆ ಇಪ್ಪತ್ತು. ಸೀಸನ್ ಇತ್ತು. ಯೀವು ಇರುವ ಝೆಜಿಯಾಂಗ್ ಪ್ರಾಂತ್ಯದಲ್ಲಿ ಈಗ ಮೊದಲ ಹೆರಿಗೆಗೆ 158 ದಿನ, ಎರಡನೇದಕ್ಕೆ 188 ದಿನ ರಜೆ ಇದೆ, ಓದುವುದಕ್ಕೆ ಬಹಳ ಚೆಂದ. ಅದು ಸಂಬಳದವರಿಗೆ. ಸ್ವಂತ ಅಂಗಡಿಯವಳಿಗೆ ರಜೆ ಕೊಡುವವರು ಯಾರು?

ಇಷ್ಟೆಲ್ಲ ನನಗೆ ಗೊತ್ತಾಗಿದ್ದು ಏಜೆಂಟ್ ಕಳಿಸಿದ ದುಭಾಷಿ ಹುಡುಗಿಯಿಂದ. ಇಪ್ಪತ್ತೊಂಬತ್ತು ವರ್ಷ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಹಿಂದಿಯಲ್ಲಿ ಚೌಕಾಸಿ ಮಾಡುವಷ್ಟು ಬರುತ್ತದೆ. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡೆಯುತ್ತಾಳೆ. ರಾತ್ರಿ ಕೂತು ಪ್ಯಾಕಿಂಗ್ ಲಿಸ್ಟ್ ಮಾಡುತ್ತಾಳೆ. 996 ಕೇಳಿರುತ್ತೀರಿ, ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು, ವಾರಕ್ಕೆ ಆರು ದಿನ. ಅದು ಕಾನೂನಿಗೆ ವಿರುದ್ಧ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಹುಡುಗಿ ನಕ್ಕಳು, “ನಮ್ಮ ಆಫೀಸಿನವರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ” ಅಂದಳು. ಕೆಲಸಕ್ಕೆ ಸೇರುವಾಗ ಮದುವೆ ಯಾವಾಗ, ಮಗು ಯಾವಾಗ ಅಂತ ಕೇಳಿದರಂತೆ. ಹಾಗೆ ಕೇಳಬಾರದು ಅಂತ 2019ರಲ್ಲೇ ಸರ್ಕಾರದ ಸುತ್ತೋಲೆ ಇದೆ, 2023ರಿಂದ ಕಾನೂನಿನಲ್ಲೂ ಬಂದಿದೆ. ಕೇಳುವವರು ಈಗ ಸುತ್ತಿ ಬಳಸಿ ಕೇಳುತ್ತಾರೆ, ಅಷ್ಟೇ. ಮದುವೆ ಆಗಿಲ್ಲ ಅಂದರೆ ಊರಲ್ಲಿ ‘ಶೆಂಗ್‌ನ್ಯು’, ಉಳಿದು ಹೋದವಳು, ಮಿಕ್ಕಿದ ಅನ್ನದ ಹಾಗೆ. ಆಗಿದೆ ಅಂದರೆ ಆಫೀಸಲ್ಲಿ ಇನ್ನೇನು ಬಾಣಂತನಕ್ಕೆ ಹೋಗುತ್ತಾಳೆ ಅನ್ನುವ ಲೆಕ್ಕ. ಗೆದ್ದರೆ ‘ನ್ಯು ಚ್ಯಾಂಗ್‌ರೆನ್’, ಗಟ್ಟಿ ಹೆಂಗಸು. ಹೊಗಳಿಕೆಯೇ, ಆದರೆ ಅದರೊಳಗೆ ಮುಳ್ಳಿದೆ, ಮನೆ ಹಾಳು ಮಾಡಿಕೊಂಡಿರುತ್ತಾಳೆ ಅನ್ನುವುದನ್ನು ಸೇರಿಸಿಯೇ ಹೇಳುವುದು.

ಅವಳಿಗೆ ಮನೆಯಲ್ಲಿ ಯಾವಾಗಲೂ ಡಾಂಗ್ ಮಿಂಗ್‌ಝೂ ಉದಾಹರಣೆ ಕೊಡುತ್ತಾರಂತೆ. ಗ್ರೀ ಎಸಿ ಕಂಪನಿಯ ಮುಖ್ಯಸ್ಥೆ. ಗಂಡ ತೀರಿಹೋದ ಮೇಲೆ ಚಿಕ್ಕ ಮಗನನ್ನು ಅಜ್ಜಿ ಹತ್ತಿರ ಬಿಟ್ಟು ಹೋಗಿ, 1990ರಲ್ಲಿ ಮಾಮೂಲಿ ಸೇಲ್ಸ್ ಕೆಲಸಕ್ಕೆ ಸೇರಿ, 2012ರಲ್ಲಿ ಕಂಪನಿಯ ಅಧ್ಯಕ್ಷೆ ಆದವರು. “ಆ ಅಜ್ಜಿ ಬಗ್ಗೆ ಯಾರೂ ಹೇಳಲ್ಲ ನೋಡಿ” ಅಂದಳು ಹುಡುಗಿ. ನನಗೆ ಅದು ಹೊಳೆದೇ ಇರಲಿಲ್ಲ. ಹೆಂಗಸರು ಅರ್ಧ ಆಕಾಶ ಹೊರುತ್ತಾರೆ ಅನ್ನುವ ಮಾವೋ ಕಾಲದ ಮಾತಿಗೂ ಅವಳದೊಂದು ಬಾಲ ಇತ್ತು: “ಹೊತ್ತುಕೊಂಡು ಮನೆಗೆ ಬಂದು ಪೂರ್ತಿ ನೆಲ ಒರೆಸಬೇಕು.” ಗಂಡ ಇದ್ದೂ ಮಕ್ಕಳನ್ನು ಒಬ್ಬಳೇ ಸಾಕುವುದಕ್ಕೆ ಅವರಲ್ಲಿ ಒಂದು ಮಾತು ಓಡಾಡುತ್ತದೆ, ‘ಗಂಡ ಸತ್ತವಳ ಥರ ಮಗು ಸಾಕುವುದು’ ಅಂತ. ಇಷ್ಟು ಖಾರವಾಗಿ ನಮ್ಮಲ್ಲಿ ಹೇಳಿದರೆ ಮನೆಯಲ್ಲಿ ಯುದ್ಧವೇ ಆಗುತ್ತದೆ.

ಸರಿ, ಸರ್ವಿಸ್‌ಗೆ ಬರುತ್ತೇನೆ. ಎರಡನೇ ದಿನ ಬೆಳಿಗ್ಗೆ ಹೋದರೆ ಲಾವ್‌ಬಾನ್‌ನ್ಯಾಂಗ್‌ಗೆ ಸ್ವರವೇ ಇಲ್ಲ. ಗಂಟಲು ಕಟ್ಟಿಹೋಗಿದೆ. ರಟ್ಟಿನ ಮೇಲೆ ರೇಟು ಬರೆದು ಇಟ್ಟಿದ್ದಾಳೆ, ಕ್ಯಾಲ್ಕುಲೇಟರ್ ಒತ್ತುತ್ತಾಳೆ, ತಲೆ ಆಡಿಸುತ್ತಾಳೆ. ಹಿಂದಿನ ರಾತ್ರಿ ಹನ್ನೆರಡರ ತನಕ ಲೈವ್ ಮಾಡಿದ್ದಳಂತೆ. ಅಂಗಡಿ ಐದರ ಹೊತ್ತಿಗೆ ಮುಚ್ಚುತ್ತದೆ. ಮನೆಗೆ ಹೋಗಿ ಅಡುಗೆ, ಹೋಮ್‌ವರ್ಕು. ಮಕ್ಕಳು ಮಲಗಿದ ಮೇಲೆ ಗೋಡೌನ್‌ನ ಮೂಲೆಯಲ್ಲಿ ಲೈಟ್ ಹಾಕಿಕೊಂಡು ಫೋನ್ ಮುಂದೆ ನಿಂತು ಕ್ಲಿಪ್ ಮಾರುವುದು. ಕೊರೊನಾ ಕಾಲದಲ್ಲಿ ವಿದೇಶಿ ಗಿರಾಕಿಗಳು ನಿಂತಾಗ ಹಿಡಿದದ್ದು, ಬಿಡಲು ಆಗಿಲ್ಲ. ಪಕ್ಕದ ಅಂಗಡಿಯವಳು ಮಾಡುತ್ತಾಳೆ, ಎದುರಿನವಳು ಮಾಡುತ್ತಾಳೆ, ತಾನು ನಿಲ್ಲಿಸಿದರೆ ಹೇಗೆ? ಗಿರಾಕಿಗಳು ಎಷ್ಟಿದ್ದಾರೋ ಅಷ್ಟೇ, ಎಲ್ಲರ ಗಂಟಲೂ ಕಟ್ಟಿದೆ. ಇದಕ್ಕೂ ಅವರಲ್ಲಿ ಪದ ಇದೆ, ‘ನೇಯ್‌ಜ್ವಾನ್’. ಒಳಗೊಳಗೇ ಸುತ್ತಿಕೊಳ್ಳುವುದು. ನಾನು ಅಲ್ಲಿನ ರಾತ್ರಿ ಹನ್ನೊಂದಕ್ಕೆ ಫೋಟೋ ಕಳಿಸಿದಾಗ ಒಂದೇ ನಿಮಿಷದಲ್ಲಿ ಉತ್ತರ ಬಂದದ್ದು ಇದಕ್ಕೆ. ಆಕೆ ಕೂತಿರಲಿಲ್ಲ, ನಿಂತಿದ್ದಳು.

ಆಕೆಗೆ ಸ್ವರ ಇಲ್ಲದ ಅವತ್ತೇ ಅಂಗಡಿಯ ಮೂಲೆಯ ಟ್ಯಾಬ್‌ನಲ್ಲಿ ಆಕೆಯದೇ ವಿಡಿಯೋ ಓಡುತ್ತಿತ್ತು. ಯೀವುನಲ್ಲಿ 2023ರ ಕೊನೆಯಿಂದ ಒಂದು ಎಐ ಸೇವೆ ಬಂದಿದೆ. ಚೀನೀ ಭಾಷೆಯಲ್ಲಿ ಒಂದು ಸಲ ಮಾತಾಡಿ ಕೊಟ್ಟರೆ ಹತ್ತಾರು ಭಾಷೆಗಳಲ್ಲಿ ಅದೇ ಮುಖ, ಅದೇ ತುಟಿ ಮಾತಾಡುತ್ತದೆ. ಟ್ಯಾಬ್‌ನಲ್ಲಿದ್ದವಳು ಮೇಕಪ್ ಹಾಕಿಕೊಂಡು, ನಗುತ್ತಾ, ಸರಾಗವಾದ ಇಂಗ್ಲಿಷಿನಲ್ಲಿ “ನಮ್ಮ ಅಂಗಡಿಗೆ ಸ್ವಾಗತ” ಅನ್ನುತ್ತಿದ್ದಳು. ಆಮೇಲೆ ಅರಬ್ಬಿ. ಅದರ ಕೆಳಗೆ ಇವಳು ಫ್ಲಾಸ್ಕಿನ ಬಿಸಿನೀರು ಕುಡಿಯುತ್ತಾ, ರಟ್ಟಿನ ಮೇಲೆ 2.3 ಅಂತ ಬರೆಯುತ್ತಿದ್ದಳು. ಒಬ್ಬ ಗಿರಾಕಿ ಬಂದು ಟ್ಯಾಬ್ ನೋಡಿ, ಇವಳ ಹತ್ತಿರ ಇಂಗ್ಲಿಷಿನಲ್ಲೇ ಪಟಪಟ ಶುರು ಮಾಡಿದ. ಇವಳು ಕೈಯಾಡಿಸಿ, ಮೊದಲು ಗಂಟಲು ತೋರಿಸಿದಳು, ಆಮೇಲೆ ಬಾಯಿ ತೋರಿಸಿ ಅಡ್ಡಡ್ಡ ತಲೆಯಾಡಿಸಿದಳು. ಇಂಗ್ಲಿಷೂ ಇಲ್ಲ, ಸ್ವರವೂ ಇಲ್ಲ.

ನಾನು ಕಲಿತಿದ್ದ ನಾಲ್ಕು ಪದದಲ್ಲಿ ಒಂದು ಉಪಯೋಗಿಸಿದೆ. ‘ಲೇಯ್ ಬು ಲೇಯ್?’ ಸುಸ್ತಾಗಿದೆಯಾ? ಆಕೆ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದಳು. ಹುಡುಗಿ ಓದಿ ಹೇಳಿದಳು, ‘ಶೀಗ್ವಾನ್ ಲ’. ರೂಢಿಯಾಗಿದೆ. ಹೊರಡುವಾಗ ಹುಡುಗಿ ಆಕೆಗೆ “ಶಿನ್‌ಕು ಲ” ಅಂದಳು. ಬಹಳ ಕಷ್ಟಪಟ್ಟಿರಿ ಅಂತ ಅರ್ಥ, ಅಲ್ಲಿ ಡ್ರೈವರ್‌ಗೂ ಅಡುಗೆಯವಳಿಗೂ ಬಾಸ್‌ಗೂ ಹೇಳುವ ಮಾತು. ಒಳ್ಳೆಯ ಮಾತೇ. ದಿನಕ್ಕೆ ಐವತ್ತು ಸಲ ಕೇಳಿಸಿಕೊಂಡರೆ ಅದೂ ಕಿವಿಗೆ ತಾಗದೇ ಹೋಗುತ್ತದೇನೋ.

ಪಾಪ ಅನ್ನಬೇಡಿ, ಆಕೆಗೆ ಅದು ಹಿಡಿಸುವುದಿಲ್ಲ. ಅಂಗಡಿ ಅಂದರೆ ಆಕೆಗೆ ಪ್ರಾಣ. ದೊಡ್ಡ ಆರ್ಡರ್ ಕುದುರಿದಾಗ ಕಣ್ಣು ಹೊಳೆಯುವುದನ್ನು ನೋಡಿದ್ದೇನೆ. ಮನೆಯಲ್ಲಿರಿ ಅಂದರೆ ಒಂದು ದಿನವೂ ಇರುವವಳಲ್ಲ, ನಾನೂ ಅಷ್ಟೇ. ಈ ಮಾರ್ಕೆಟ್ ಶುರುವಾದದ್ದೇ ಒಬ್ಬ ಹೆಂಗಸಿನ ಬಾಯಿ ಜೋರಿನಿಂದ. 1982ರಲ್ಲಿ ಫೆಂಗ್ ಐಚಿಯನ್ ಎಂಬ ಬೀದಿ ವ್ಯಾಪಾರಿ, ಅಧಿಕಾರಿಗಳು ಓಡಿಸಿ ಓಡಿಸಿ ಸಾಕಾಗಿ, ಅಲ್ಲಿನ ಪಕ್ಷದ ಕಾರ್ಯದರ್ಶಿ ಷಿಯೆ ಗಾವ್‌ಹುವಾ ಅವರನ್ನೇ ಅಡ್ಡ ಹಾಕಿ, ನಮಗೆ ಯಾಕೆ ವ್ಯಾಪಾರ ಮಾಡಲು ಬಿಡುವುದಿಲ್ಲ ಅಂತ ಜಗಳಕ್ಕೆ ನಿಂತರು. ಅದೇ ಸೆಪ್ಟೆಂಬರ್‌ನಲ್ಲಿ ಮಾರ್ಕೆಟ್ ತೆರೆಯಿತು. ಯೀವುನವರು ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಈಗಿನ ಲಾವ್‌ಬಾನ್‌ನ್ಯಾಂಗ್‌ಗಳು ಅಡ್ಡ ಹಾಕಿ ಜಗಳ ಆಡಬೇಕಾದರೆ ಯಾರ ಹತ್ತಿರ ಆಡಬೇಕು? ಅತ್ತೆ, ಟೀಚರು, ಎದುರಂಗಡಿ, ರಾತ್ರಿ ಎಂಟೂವರೆಗೆ ಹರಳಿನ ಫೋಟೋ ಕಳಿಸುವ ಮಾಮೂಲ್‌ಪೇಟೆಯ ನಾನು. ಒಬ್ಬರಾ ಇಬ್ಬರಾ.

ಹೋಗುವವರಿಗೆ ಉಪಯೋಗದ ಮಾತು ಇಷ್ಟು. ಕ್ಲಚ್ಚರ್ ಕಣ್ಣು ಮುಚ್ಚಿ ತೆಗೆದುಕೊಳ್ಳಿ, ಹರಳಿನದು ಬೇಡ, ಬೇಕೇ ಬೇಕು ಅಂದರೆ ಬೇಸಿಗೆಯಲ್ಲಿ ತರಿಸಬೇಡಿ. ಅವರ ಹೊಸ ವರ್ಷದ ಹೊತ್ತಿಗೆ ಎರಡು ವಾರ ಮಾರ್ಕೆಟ್ ಬಂದ್, ಫ್ಯಾಕ್ಟರಿಗಳು ಅದಕ್ಕೂ ಮುಂಚೆಯೇ ಮುಚ್ಚುತ್ತವೆ, ಆರ್ಡರ್ ಡಿಸೆಂಬರ್‌ನಲ್ಲೇ ಹಾಕಿಬಿಡಿ. ಮೂವತ್ತು ಪರ್ಸೆಂಟ್ ಅಡ್ವಾನ್ಸ್ ಕೇಳುತ್ತಾರೆ, ಕೊಡಬಹುದು. ರೇಟು ಇಳಿಸಲು ‘ಬಾಸ್’ ಕರೆಸಬೇಡಿ, ನಗೆಪಾಟಲಾಗುತ್ತೀರಿ. ಮೆಸೇಜ್ ಮಾಡುವುದಾದರೆ ನಮ್ಮ ಮಧ್ಯಾಹ್ನ ಎರಡೂವರೆಯೊಳಗೆ ಮಾಡಿ, ಅಲ್ಲಿ ಐದಾಗಿರುತ್ತದೆ. ಮರುದಿನ ಉತ್ತರ ಬಂದರೆ ಯಾರ ಮದುವೆಯೂ ನಿಲ್ಲುವುದಿಲ್ಲ. ಕ್ಲಿಪ್ಪು ತಾನೇ.

ನಾನೇ ಈ ನಿಯಮ ಹಾಕಿಕೊಂಡಿದ್ದೇನೆ. ಹೋದ ವಾರ ರಾತ್ರಿ ಸ್ಟಾಕ್ ನೋಡುವಾಗ ಕಂದು ಬಣ್ಣದ ಕ್ಲಚ್ಚರ್ ಖಾಲಿಯಾಗಿದ್ದು ಕಂಡಿತು. ಅಭ್ಯಾಸಬಲ, ಮೆಸೇಜ್ ಟೈಪ್ ಮಾಡಿಬಿಟ್ಟೆ. ಗಡಿಯಾರ ನೋಡಿದರೆ ಒಂಬತ್ತಾಗಿ ಹತ್ತು ನಿಮಿಷ. ಬೇಡ, ಬೆಳಿಗ್ಗೆ ಕಳಿಸೋಣ ಅಂತ ಅಳಿಸಿ, ಶಟರ್ ಎಳೆಯಲು ಎದ್ದೆ. ಆಗಲೇ ಫೋನ್ ಟಿಂಗ್ ಅಂದಿತು. ಆಕೆಯೇ. ಹೊಸ ಡಿಸೈನ್ ಆರು ಫೋಟೋ, ಜೊತೆಗೆ ‘ಜ್ಯೆ’ ಅಂತ, ಅಂದರೆ ಅಕ್ಕಾ, ಇವು ಇಂಡಿಯಾಗೆ ಓಡುತ್ತವಾ ಅಂತ. ಅಲ್ಲಿ ಹನ್ನೊಂದು ನಲವತ್ತು.

ಎರಡನೇದೂ ಐದನೇದೂ ಚೆನ್ನಾಗಿದ್ದವು. ತಲಾ ಎರಡು ಕಾರ್ಟನ್ ಹೇಳಿದೆ.